ಚೆಕ್ಕುಬಂದಿ

ಮೂವತ್ತೆಂಟು ವರ್ಷ ಊರವರ ಜಾಗಕ್ಕೆಲ್ಲ
ನಾಲ್ಕು ಬದಿ ಬರೆದವ ನಾನು.
ಮೂಡಕ್ಕೆ ತೋಡು, ತೆಂಕಕ್ಕೆ ಕಾಲುದಾರಿ,
ಪಡುವಕ್ಕೆ ಬಾಕಿ ಜಾಗ, ಬಡಗಕ್ಕೆ ಅಗಳು,
ಅದರಲ್ಲಿರುವ ಮರಮಟ್ಟು ನೀರಾವರಿ ಸಹಿತ.
ನಿದ್ದೆಯಲ್ಲಿ ಎಬ್ಬಿಸಿದರೂ ತಪ್ಪುತ್ತಿರಲಿಲ್ಲ.
ಕೋರ್ಟಿನಲ್ಲಿ ಒಬ್ಬ ಜಡ್ಜರು ನನ್ನ ಅಕ್ಷರ ಹೊಗಳಿದ್ದೂ ಉಂಟು.

ಬಜ್ಜೋಡಿಯ ನನ್ನ ಹತ್ತು ಸೆಂಟ್ಸಿಗೆ ಪಡುವ ಬದಿಯಲ್ಲಿ ಪಾಗಾರ.
ಪಾಗಾರದ ಆಚೆ ಸೆರಾಫಿನ್ ಬಾಯಿ.
ಅವಳ ಹಿತ್ತಿಲು ಅಂದರೆ, ಹಿತ್ತಿಲಲ್ಲ ಅದು,
ಕೆಸು, ತಜಂಕು, ತುರಿಕೆ ಬಳ್ಳಿ, ಒಡೆದ ಕಡೆಯುವ ಕಲ್ಲು,
ಒಮ್ಮೆ ನಾನೇ ಕಣ್ಣಾರೆ ಕಂಡ ಕನ್ನಡಿ ಹಾವು.
ಪಾಗಾರಕ್ಕೆ ತಾಗಿ ಒಂದು ಜೀಗುಜ್ಜೆ ಮರ.
ಬುಡ ಅಲ್ಲಿ, ಎಲೆ ಪೂರ್ತಿ ನನ್ನ ಅಂಗಳಕ್ಕೆ.

ಜೀಗುಜ್ಜೆ ಎಲೆ ನಿಮಗೆ ಗೊತ್ತಿರಬೇಕು.
ಮಾವಿನೆಲೆಯ ಹಾಗೆ ಮಾನದಲ್ಲಿ ಇಳಿಯುವ ಜಾತಿಯಲ್ಲ,
ಯಾರೋ ಒದ್ದೆ ಚಪ್ಪಲಿ ಬಿಸಾಡಿದ ಹಾಗೆ, ಟಪ್.
ರಾತ್ರಿ ಎಚ್ಚರ ಕೂತು ಎಣಿಸಿದ್ದೇನೆ: ಹದಿನೇಳು.

ಈ ಮನೆಗೆ ಬಂದ ವರ್ಷ ಅವಳು
ಎರಡು ಕಾಯಿ ತಂದುಕೊಟ್ಟಿದ್ದಳು.
ನಾನು ರಸೀದಿ ಬರೆದುಕೊಟ್ಟೆ.
ಅಲ್ಲಿಂದ ಶುರು.

ಹನ್ನೊಂದು ವರ್ಷ, ನಲವತ್ತು ನೋಟೀಸು.
‘ಮಾನ್ಯರೇ, ತಮ್ಮ ಸ್ವಾಧೀನದಲ್ಲಿರುವ ಸದ್ರಿ ಮರದ
ಪಾಲನೆಯಲ್ಲಿ ತಾವು ತೋರುತ್ತಿರುವ ಅಸಡ್ಡೆಯಿಂದ…’
ಪ್ರತಿಯೊಂದೂ ವಾಪಸು ಬರುತ್ತಿತ್ತು,
ಬೆನ್ನಿಗೆ ನೀಲಿ ಪೆನ್ನಿನ ಒಂದೇ ಸಾಲು:
‘ಎಲೆ ಗಾಳಿಯದ್ದು. ಗಾಳಿಗೆ ನೋಟೀಸು ಕೊಡಿ.’

ಗುಡಿಸಿದ್ದನ್ನು ನಾನು ಆಚೆ ಸುರಿದೆ,
ಅವಳು ಮೀನು ತೊಳೆದ ನೀರು ಈಚೆ.
ನಾನು ಪಾಗಾರದ ತಲೆಗೆ ಬಾಟ್ಲಿ ಚೂರು ಕೂರಿಸಿದೆ.
ಅವಳು ಪ್ರತಿ ಆದಿತ್ಯವಾರ ಇಗರ್ಜಿಯಿಂದ ಬಂದು,
ಒಳ್ಳೆ ಸೀರೆ ಕೂಡ ಬದಲಿಸದೆ,
ಆ ಚೂರುಗಳ ಮೇಲೆ ನೆಲ ಒರೆಸುವ ಬಟ್ಟೆ ಹರವಿದಳು,
ಮಗುವಿಗೆ ಹೊದೆಸಿದಷ್ಟು ನಿಧಾನ.

ಆಟಿಯಲ್ಲಿ ಅವಳ ಅಡುಗೆಮನೆಯಿಂದ
ರವೆ ಹಚ್ಚಿ ಕಾಯಿಸಿದ ಜೀಗುಜ್ಜೆಯ ವಾಸನೆ.
ನೋಟೀಸು ಬರೆಯುವವನ ಬಾಯಲ್ಲಿ ನೀರು.
ಅದನ್ನು ನೋಟೀಸಿನಲ್ಲಿ ಕಾಣಿಸಲಿಲ್ಲ.

ಕಡೆಗೆ ಫೀಸು ಕಟ್ಟಿ ಸರ್ವೆಯರನ್ನು ಕರೆಸಿದವನೂ ನಾನೇ.
ನಝೀಮಾ ಅಂತ, ಸಣ್ಣ ಪ್ರಾಯ.
ಚೈನು ಎಳೆದಳು, ನಕ್ಷೆಯನ್ನು ಎರಡು ಸಲ ತಿರುಗಿಸಿದಳು,
ಗೇಟು ಸುತ್ತಿ ಆಚೆ ಹೋದವಳು ಬರಲೇ ಇಲ್ಲ.
ಆಮೇಲೆ ಕೆಸುವಿನ ನಡುವಿನಿಂದ ಸ್ವರ:
‘ಕೊಟ್ಟಾರಿ ಸರ್, ನಿಮ್ಮ ಗಡಿಕಲ್ಲು ಇಲ್ಲುಂಟು.
ಮರಕ್ಕಿಂತ ನಾಲ್ಕಡಿ ಆಚೆ.’

ಒಳಗೆ ಹೋಗಿ ಟ್ರಂಕು ತೆರೆದೆ.
ಕ್ರಯಪತ್ರ. ನನ್ನದೇ ಅಕ್ಷರ, ಜಡ್ಜರು ಹೊಗಳಿದ್ದು:
‘ಪಡುವ ಬದಿಯ ಜೀಗುಜ್ಜೆ ಸಸಿ ಒಂದು ಸಹಿತ.’
ಮೇಸ್ತ್ರಿ ಕೇಳಿದ್ದ ಅವತ್ತು,
‘ಅಡಿಯಲ್ಲಿ ಬಂಡೆ ಉಂಟು, ಸ್ವಲ್ಪ ಈಚೆ ಕಟ್ಟಲಾ?’
ಕಟ್ಟು ಮಾರಾಯ ಅಂದಿದ್ದೆ.
ಯಾರದ್ದೋ ಚೆಕ್ಕುಬಂದಿ ಬರೆಯಲು ತಡವಾಗಿತ್ತು.

ಸೆರಾಫಿನ್ ಬಾಯಿ ಏನೂ ಹೇಳಲಿಲ್ಲ.
ಮರುದಿನ ಗೇಟಿಗೆ ಸಿಕ್ಕಿಸಿದ ಒಂದು ಲಕೋಟೆ:
‘ಮಾನ್ಯರೇ, ತಮ್ಮ ಸ್ವಾಧೀನದಲ್ಲಿರುವ ಸದ್ರಿ ಮರದ…’
ಒಂದಕ್ಷರ ಬದಲಿಲ್ಲ.
ಅಲ್ಪವಿರಾಮ ಕೂಡ ನಾನಿಟ್ಟ ಜಾಗದಲ್ಲೇ.
ಓದುತ್ತಿದ್ದಳು ಹಾಗಾದರೆ.
ನಲವತ್ತನ್ನೂ.
ಕೆಳಗೆ ಮಾತ್ರ ಅವಳದ್ದೊಂದು ಸೇರಿಕೆ:
‘ಈ ತನಕ ತಿಂದ ಕಾಯಿ ಅಂದಾಜು ಆರುನೂರು.
ರಸೀದಿ ಬೇಕಾ?’

ಹಾಳೆ ಮಗುಚಿ ಪೆನ್ನು ಹಿಡಿದು ಕೂತಿದ್ದೇನೆ.
ಇದಕ್ಕೆ ಬರೆಯಬಹುದಾದ ಉತ್ತರ ಒಂದೇ ಒಂದು,
ಅದರ ಹಕ್ಕು ಅವಳದ್ದು.
ಅಂಗಳದಲ್ಲಿ ಟಪ್ ಅಂದಿತು.
ಮತ್ತೊಂದು.
ಎಣಿಸಲಿಲ್ಲ.